ಅನ್ನಕ್ಕ ರಾಜೀನಾಮೆ ಕೊಟ್ಟ ವರ್ಷ

ಹೋದ ತಿಂಗಳು ತಮ್ಮನ ಮಗಳ ಮದುವೆಗೆಂದು ತವರೂರು ಓಡೈಪಟ್ಟಿಗೆ ಹೋಗಿದ್ದೆ. ಚಿನ್ನಮನೂರಿನಲ್ಲಿ ಬಸ್ಸು ಬದಲಿಸಿ ಕಿಟಕಿ ಪಕ್ಕ ಕೂತಿದ್ದೆ. ದ್ರಾಕ್ಷಿ ಚಪ್ಪರಗಳು ಶುರುವಾಗುವ ಕಡೆ ಮೈಲುತುತ್ತದ ವಾಸನೆ ಬಸ್ಸಿನೊಳಗೆ ನುಗ್ಗಿತು. ಸುಣ್ಣದ ಜೊತೆ ಕಲಸಿ ಬಳ್ಳಿಗೆ ಹೊಡೆಯುವ ನೀಲಿ ಔಷಧಿ ಅದು. ಒದ್ದೆ ಸುಣ್ಣದ್ದೂ ತಾಮ್ರದ್ದೂ ಸೇರಿದ ವಾಸನೆ. ಪಕ್ಕದವರು ಮೂಗನ್ನೂ ಮುಟ್ಟಿಕೊಳ್ಳಲಿಲ್ಲ. ನಾನು ಮಾತ್ರ ಸೆರಗನ್ನು ಮೂಗಿಗೆ ಒತ್ತಿಕೊಂಡೆ, ಅದರ ಹಿಂದೆಯೇ ಅನ್ನಕ್ಕನ ನೆನಪಾಯಿತು.

ತೊಂಬತ್ತೆಂಟು, ತೊಂಬತ್ತೊಂಬತ್ತು. ಆ ವರ್ಷ ನನ್ನ ಹೊಟ್ಟೆಯಲ್ಲಿ ಕೂಸೂ ಇತ್ತು, ಕಿಚ್ಚೂ ಇತ್ತು. ಕೂಸು ದಿನ ತುಂಬಿ ಹೊರಗೆ ಬಂತು, ಓದಿ ಬೆಳೆದು ಈಗ ನನಗೇ ಬುದ್ಧಿ ಹೇಳುತ್ತದೆ. ಕಿಚ್ಚು ಇನ್ನೂ ಒಳಗೇ ಇದೆ. ವಯಸ್ಸಾದ ಮೇಲೆ ಹೊಟ್ಟೆಕಿಚ್ಚು ತಾನಾಗಿ ಆರುತ್ತದೆ ಎನ್ನುವವರಿದ್ದಾರೆ. ಅವರಿಗೆ ಸರಿಯಾದದ್ದು ಹತ್ತಿಲ್ಲ ಅಷ್ಟೆ.

ನಾವು ತಮಿಳುನಾಡಿನ ಕಂಬಂ ಕಣಿವೆಯ ಕನ್ನಡದವರು. ನಮ್ಮ ಹಿರಿಯರು ಯಾವ ಕಾಲದಲ್ಲಿ ಬಂದರೋ, ಯಾಕೆ ಬಂದರೋ, ಮನೆಮನೆಗೂ ಒಂದೊಂದು ಕಥೆ ಇದೆ. ಒಲೆಯ ಮುಂದೆ ಕನ್ನಡ, ಬಾಗಿಲು ದಾಟಿದರೆ ತಮಿಳು. ಮನೆಯಲ್ಲಿ ಆಡುವ ಮಾತಿಗೂ ಅಕ್ಷರ ಇದೆ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಗಂಡನ ಕೆಲಸದಿಂದಾಗಿ ಮೈಸೂರಿನಲ್ಲಿ ಮನೆ ಮಾಡಿದ ನಂತರ. ಆಗ ಕಲಿತ ಅಕ್ಷರದಲ್ಲೇ ಇದನ್ನು ಬರೆಯುತ್ತಿದ್ದೇನೆ.

ಆ ದಿನಗಳಲ್ಲಿ ನಾನು ಊರಿಗೆ ಹತ್ತಿರದ ಒಂದು ಖಾಸಗಿ ಇಂಗ್ಲಿಷ್ ಶಾಲೆಯಲ್ಲಿ ಲೆಕ್ಕದ ಟೀಚರ್. ಗಂಡನಿಗೆ ದಿಂಡಿಗಲ್ಲಿನ ಒಂದು ಬೀಗದ ಅಂಗಡಿಯಲ್ಲಿ ಕೆಲಸ. ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಿದ್ದರು. ತಮ್ಮ ತಿರುಪ್ಪೂರಿನಲ್ಲಿದ್ದ. ಅಪ್ಪ ತೀರಿಹೋಗಿದ್ದರು. ಹಾಗಾಗಿ ತವರಿನಲ್ಲಿ ನಾನು ಮತ್ತು ಅವ್ವ ಇಬ್ಬರೇ. ಅವ್ವ ಒಂಟಿಯಾಗಿ ದ್ರಾಕ್ಷಿ ತೋಟ ನೋಡಿಕೊಳ್ಳುತ್ತಿದ್ದಳು. ಔಷಧಿ ಕಲಸುವ ದಿನಗಳಲ್ಲಿ ಅವಳ ಉಗುರೆಲ್ಲ ನೀಲಿ.

ಶಾಲೆಯನ್ನು ನಡೆಸುತ್ತಿದ್ದವರಿಗೆ ಬೋಡಿಮೆಟ್ಟಿನ ಮೇಲೆ ಏಲಕ್ಕಿ ತೋಟವಿತ್ತು. ಶಾಲೆಯ ಒಡೆಯರನ್ನು ನಮ್ಮ ಕಡೆ ಕರೆಸ್ಪಾಂಡೆಂಟ್ ಎನ್ನುತ್ತಾರೆ. ಒಳ್ಳೆಯ ಮನುಷ್ಯ ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ಹೇಳುತ್ತೇನೆ, ನನ್ನ ಗಂಟೇನು ಹೋಗಬೇಕು. ಆದರೆ ಆ ಶಾಲೆಯಲ್ಲಿ ಒಂದು ಪದ್ಧತಿ ಇತ್ತು. ಏಪ್ರಿಲ್ ಕೊನೆಗೆ ಟೀಚರುಗಳಿಗೆಲ್ಲ ಔತಣ. ಎಲೆಯ ಮುಂದೆ ಕೂರುವ ಮೊದಲು ಪ್ರತಿಯೊಬ್ಬರೂ ಒಂದು ಬಿಳಿ ಹಾಳೆಯಲ್ಲಿ ‘ಸ್ವಂತ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ’ ಎಂದು ಬರೆದು ಗುಮಾಸ್ತರ ಕೈಗೆ ಕೊಡಬೇಕು. ಜೂನಿನಲ್ಲಿ ಮತ್ತೆ ಅರ್ಜಿ ಹಾಕಿ ಹೊಸದಾಗಿ ಸೇರಬೇಕು. ಹೀಗೆ ಮಾಡಿದರೆ ಶಾಲೆಯಲ್ಲಿ ಹಳಬರು ಅನ್ನುವವರೇ ಇರುವುದಿಲ್ಲ. ಹಳಬರಿಲ್ಲದ ಮೇಲೆ ಪಿ.ಎಫ್. ಇಲ್ಲ, ಹೆರಿಗೆ ರಜೆ ಇಲ್ಲ, ಬೇಸಿಗೆಯ ಸಂಬಳವೂ ಇಲ್ಲ. ನಾವು ಅದಕ್ಕೆ ಏಪ್ರಿಲ್ ಕಾಗದ ಅನ್ನುತ್ತಿದ್ದೆವು. ಪಾಯಸ, ಹಪ್ಪಳದ ಹಾಗೆ ಅದೂ ಆ ಊಟದ ಒಂದು ಭಾಗ ಎಂದುಕೊಂಡಿದ್ದೆವು. ಪಾಠ ಮಾಡಿ ಮಾಡಿ ಗಂಟಲು ಸವೆದಿದ್ದರೂ ಪ್ರತಿ ಜೂನಿನಲ್ಲೂ ನಾನು ಹೊಸ ಟೀಚರ್.

ತೊಂಬತ್ತೆಂಟರ ಜೂನಿನಲ್ಲಿ, ಕೇರಳದ ಮಳೆ ಬೆಟ್ಟದಾಚೆಯೇ ನಿಂತು ನಮ್ಮ ಕಣಿವೆಗೆ ಬರೀ ಗಾಳಿಯನ್ನು ಕಳಿಸುವ ಕಾಲದಲ್ಲಿ, ಅವಳು ಬಂದಳು. ಹೆಸರು ಅನ್ನೆಕ. ಹಾಲೆಂಡಿನವಳು. ಅಲ್ಲಿ ಒಂದು ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಆ ಶಾಲೆಯವರೇ ಎರಡು ವರ್ಷದ ಮಟ್ಟಿಗೆ ನಮ್ಮ ಶಾಲೆಗೆ ಕಳಿಸಿದ್ದರು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಹುಬ್ಬು ಕೂಡ ಗೋಧಿ ಬಣ್ಣ. ಅವಳನ್ನು ಎಲ್ಲಿ ಇಳಿಸುವುದು ಎಂದು ಕರೆಸ್ಪಾಂಡೆಂಟ್ ತಲೆ ಕೆಡಿಸಿಕೊಂಡು, ಕೊನೆಗೆ ಮಹಡಿಯಲ್ಲಿ ಕಕ್ಕಸು ಇರುವ ಮನೆ ನಮ್ಮದೊಂದೇ ಎಂದು ಯಾರೋ ಹೇಳಿದ್ದರಿಂದ, ನಮ್ಮಲ್ಲಿಗೇ ಕರೆತಂದರು. ಅಪ್ಪ ಅದನ್ನು ಕಟ್ಟಿಸಿದ್ದು ನನ್ನ ಮದುವೆಗೆ, ಅಳಿಯನಿಗೆ ಅನುಕೂಲವಾಗಲಿ ಎಂದು. ಅನುಕೂಲವಾದದ್ದು ಹಾಲೆಂಡಿಗೆ.

ಅನ್ನೆಕ ಎನ್ನುವುದು ಅವ್ವನ ಬಾಯಲ್ಲಿ ಒಂದೇ ದಿನಕ್ಕೆ ಅನ್ನಕ್ಕ ಆಯಿತು. ಊರೂ ಹಾಗೇ ಕರೆಯಿತು. ನನಗೆ ಒಡಹುಟ್ಟಿದ ಅಕ್ಕ ಇರಲಿಲ್ಲ, ಬೇಕು ಅಂತಲೂ ಯಾರಲ್ಲೂ ಕೇಳಿರಲಿಲ್ಲ.

“ಯಾವೂರ್ ಪಿಳ್ಳೆಯೋ, ತಾಯಿ ಬಿಟ್ ಬಂದವ್ಳೆ, ಪಾವಂ,” ಎನ್ನುತ್ತ ಅವ್ವ ಅವಳ ತಟ್ಟೆಗೆ ಇನ್ನೊಂದು ದೋಸೆ ಹಾಕುತ್ತಿದ್ದಳು. ಪಾಪ ಅನ್ನುವುದು ಅವಳ ಬಾಯಲ್ಲಿ ಪಾವಂ. ಕೂಸನ್ನು ಕರೆದಂತೆ ಪಿಳ್ಳೆ ಅಂದದ್ದು ನನಗಿಂತ ಎರಡು ವರ್ಷ ದೊಡ್ಡವಳನ್ನು. ಆ ದೋಸೆ ತುಂಡಾಗದೆ, ಕರಿಯಾಗದೆ, ಅಂಚು ಮುದುರದೆ ಇರುತ್ತಿತ್ತು. ಮೊದಲನೆಯದು, ಹೆಂಚಿಗೆ ಹತ್ತಿ ಹರಿದದ್ದು, ನನ್ನ ತಟ್ಟೆಗೆ.

ಅವಳು ಅವ್ವನ ಹಿಂದೆ ಮುಂದೆ ಓಡಾಡಿ ಮಾತು ಕಲಿತಳು. ಇದೇ ತಮಿಳು ಎಂದುಕೊಂಡು ಕಲಿತಳು! ಚಿನ್ನಮನೂರಿನ ಪೇಟೆಯಲ್ಲಿ ಈರುಳ್ಳಿ ಅಂಗಡಿಯವನ ಮುಂದೆ ನಿಂತು, “ಅಣ್ಣಾ, ಇದು ಎಷ್ಟಾಯ್ತದೆ, ವಸಿ ಕಮ್ಮಿ ಮಾಡು,” ಎಂದಾಗ ಅವನು ನನ್ನ ಮುಖ ನೋಡಿದ. ತಪ್ಪಾಯಿತೆಂದು ಗೊತ್ತಾದ ಮೇಲಾದರೂ ತಮಿಳಿಗೆ ಹೋಗಬಾರದೇ? ಇಲ್ಲ, ಅವ್ವನ ಮಾತೇ ಚೆನ್ನ ಎಂದು ಅದನ್ನೇ ಹಿಡಿದಳು. ನಮ್ಮ ಮನೆತನದ ಹುಡುಗರು ಬಾಯಿಬಿಡಲು ನಾಚುತ್ತಿದ್ದ ಮಾತನ್ನು ಅವಳು ಬೀದಿಯಲ್ಲಿ ಆಡಿದರೆ ಊರಿಗೆ ಊರೇ ಹಿಗ್ಗಿತು. ನಾನು ಹುಟ್ಟಿದಾಗಿನಿಂದ ಅದನ್ನೇ ಆಡುತ್ತಿದ್ದೆ, ಯಾರೂ ನಿಂತು ಕೇಳಲಿಲ್ಲ.

ಶಾಲೆಯಲ್ಲೂ ಅದೇ. ಹುಡುಗಿಯರು ಮುಡಿದ ಮಲ್ಲಿಗೆ ಬಿಚ್ಚಿ ಅವಳಿಗೆ ಕೊಡುತ್ತಿದ್ದರು. ಶಾಲೆಯ ಬಸ್ಸಿನ ಬೆನ್ನಿಗೆ ಅವಳ ಫೋಟೊ ಬಿತ್ತು. ಶನಿವಾರ ಬರುವ ನನ್ನ ಗಂಡ ಕೂಡ ಇಸ್ತ್ರಿ ಶರ್ಟು ಹಾಕಿಕೊಂಡು ಬಂದು, ಮಹಡಿ ಮೆಟ್ಟಿಲ ಕೆಳಗೆ ನಿಂತು, “ಹೌ ಈಸ್ ದ ಕ್ಲೈಮೇಟ್?” ಎಂದು ಕೇಳತೊಡಗಿದರು. ನನ್ನನ್ನು ಅವರು ಒಂದು ದಿನವೂ ಹವೆಯ ಬಗ್ಗೆ ಕೇಳಿದವರಲ್ಲ.

ಇದನ್ನೆಲ್ಲ ಸಹಿಸಬಹುದಿತ್ತು. ನಿಜವಾದ ಕಿಚ್ಚು ಹತ್ತಿದ್ದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಒಂದು ಭಾನುವಾರ ಇಬ್ಬರೂ ಬಟ್ಟೆ ಹಿಂಡುತ್ತ ಮಾತಿಗೆ ಕೂತಾಗ ಕೇಳಿದೆ: “ಎರಡು ವರ್ಷ ಇಲ್ಲಿರ್ತೀಯಲ್ಲ, ಅಲ್ಲಿ ನಿನ್ನ ಕೆಲಸ?”

“ಅಲ್ಲೇ ಇರ್ತದೆ,” ಎಂದಳು.

ವಿಚಾರಿಸುತ್ತ ಹೋದ ಹಾಗೆ ಒಂದೊಂದೇ ಹೊರಬಂತು. ಅವಳು ಇಲ್ಲಿರುವಷ್ಟು ಕಾಲವೂ ಮುಪ್ಪಿನ ಪಿಂಚಣಿಗೆ ಅಲ್ಲಿಯ ಶಾಲೆ ಕಂತು ಕಟ್ಟುತ್ತದೆ. ಕಾಯಿಲೆ ಬಿದ್ದರೆ ಆಸ್ಪತ್ರೆ ಖರ್ಚು ವಿಮೆಯದು. ಕೈಕಾಲು ಮುರಿದರೆ ಅದಕ್ಕೂ ಒಂದು ಏರ್ಪಾಡು. ಬಸುರಿಯಾದರೆ ಅದಕ್ಕೂ. ಇಲ್ಲಿ ಕಳೆದ ಎರಡು ವರ್ಷ ಅಲ್ಲಿಯ ಸೇವೆಗೇ ಸೇರುತ್ತದೆ. ನಾನು ಬಾಯಿ ತೆರೆದುಕೊಂಡು ನಿಂತದ್ದನ್ನು ನೋಡಿ ಅವಳಿಗೇ ಆಶ್ಚರ್ಯ. “ಟೀಚರನ್ನ ಬೇರೆ ದೇಶಕ್ಕೆ ಕಳಿಸಿದ್ರೆ ಕಳಿಸಿದವ್ರೇ ತಾನೆ ನೋಡ್ಕಬೇಕು?” ಎಂದಳು.

ನಾನು ಯಾವ ದೇಶಕ್ಕೂ ಹೋಗಿರಲಿಲ್ಲ. ಹುಟ್ಟಿದ ಊರಿನಲ್ಲೇ, ಕೂಗಿದರೆ ಕೇಳುವಷ್ಟು ದೂರದ ಶಾಲೆಯಲ್ಲಿ ಕೆಲಸ ಮಾಡುತ್ತಿದ್ದೆ. ಅವಳು ಬಿದ್ದರೆ ಹಿಡಿಯಲು ಸಮುದ್ರದಾಚೆ ಅಷ್ಟೊಂದು ಕೈಗಳು. ನಾನು ಬಿದ್ದರೆ ಹಿಡಿಯಲು ಇದ್ದದ್ದು ಅವ್ವನ ಎರಡು ನೀಲಿ ಕೈ ಮಾತ್ರ. ಆ ದಿನ ಹಿಂಡಿದ ಸೀರೆಯನ್ನು ನಾನು ಎಷ್ಟು ಜೋರಾಗಿ ಕೊಡವಿದೆನೆಂದರೆ ಅಂಚು ಹರಿಯಿತು.

ಅಕ್ಟೋಬರಿನಲ್ಲಿ ನಾನು ಬಸುರಿ ಎಂದು ಖಚಿತವಾಯಿತು. ಮದುವೆಯಾಗಿ ಐದು ವರ್ಷ ಕಾದು ಆದದ್ದು. ತೋಟದಲ್ಲಿ ಮೈಲುತುತ್ತ ಹೊಡೆದ ದಿನ ಗಾಳಿ ಇತ್ತ ತಿರುಗಿದರೆ ಸಾಕು, ನಾನು ಹಿತ್ತಿಲಿಗೆ ಓಡಬೇಕು. ಅವ್ವ ಬೆನ್ನು ತಿಕ್ಕಿ, “ಎಲ್ಲಾರ್ಗೂ ಇರೂದೇ ಕಣ್ಣು,” ಎಂದು, ಚಿನ್ನ ಎನ್ನುವ ಹಾಗೆ ಕಣ್ಣು ಎಂದು ಕರೆದು, ಸಮಾಧಾನ ಹೇಳುತ್ತಿದ್ದಳು. ಅವ್ವನ ಗಮನ ಕೊನೆಗೂ ನನ್ನ ಕಡೆ ತಿರುಗಿತು ಎಂದು ನಾನು ಸುಖ ಪಡುತ್ತಿದ್ದ ಹೊತ್ತಿಗೆ ಅನ್ನಕ್ಕನಿಗೆ ಕಾಮಾಲೆ ಬಂತು.

ತೇನಿ ಬಸ್‌ಸ್ಟ್ಯಾಂಡಿನಲ್ಲಿ ಕಬ್ಬಿನ ಹಾಲು ಕುಡಿದಿದ್ದಳಂತೆ. ಬಿಳಿ ಮೈ ಅರಿಸಿನವಾಯಿತು. ಆಮೇಲೆ ನಡೆದದ್ದನ್ನು ನೋಡಬೇಕಿತ್ತು. ಫೋನ್ ಬೂತಿನವನು ನಮ್ಮ ಮನೆಗೆ ಏದುಸಿರು ಬಿಡುತ್ತ ಬಂದು, ಫಾರಿನ್ನಿಂದ ಕರೆ, ಟೀಚರಮ್ಮ ಏನು ತಿಂದರು ಎಂದು ಕೇಳುತ್ತಿದ್ದಾರೆ ಎಂದ. ಕಾರು ಬಂತು. ಮದುರೆಯ ದೊಡ್ಡ ಆಸ್ಪತ್ರೆ, ಬೇರೆ ಕೋಣೆ, ಬಿಲ್ಲನ್ನು ಯಾರೂ ಅವಳ ಮುಂದೆ ಹಿಡಿಯಲೂ ಇಲ್ಲ. ಊರಿಗೆ ಬಂದ ಮೇಲೂ ಎರಡು ತಿಂಗಳು ಸಂಬಳದ ರಜೆ. ಅವ್ವ ದಿನಾ ಬೆಳಿಗ್ಗೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕದಡಿ ಮಹಡಿ ಹತ್ತುತ್ತಿದ್ದಳು. ಹಿತ್ತಿಲಲ್ಲಿ ವಾಂತಿ ಮಾಡುತ್ತಿದ್ದ ನನ್ನನ್ನು ದಾಟಿಕೊಂಡೇ ಹೋಗುತ್ತಿದ್ದಳು.

“ಅದ್ಕೆ ಯಾರವ್ರೆ ಇಲ್ಲಿ?” ಎಂದು ಅವ್ವ ಆ ಪಿಳ್ಳೆಯ ಪರ ಕೇಳಿದಳು. ಅವಳಿಗೆ ಇಡೀ ದೇಶವೇ ಇದೆ ಅವ್ವ ಅಂದೆ. ಅವ್ವ ನಾನು ತಮಾಷೆ ಮಾಡುತ್ತಿದ್ದೇನೆಂದು ನಕ್ಕಳು.

ಆ ಎರಡು ತಿಂಗಳು ಅವಳ ತರಗತಿಗಳನ್ನು ತೆಗೆದುಕೊಂಡವಳು ನಾನು. ಲೆಕ್ಕದ ಟೀಚರಿಗೆ ಇಂಗ್ಲಿಷೂ ಬರುತ್ತದಲ್ಲ ಎಂದು ಕರೆಸ್ಪಾಂಡೆಂಟ್ ಹೇಳಿದರು. ಮಳೆಗಾಲದ ಥಂಡಿಯಲ್ಲಿ, ಊದಿದ ಕಾಲಿನಲ್ಲಿ, ಎಂಟು ಪೀರಿಯಡ್ ನಿಂತು ಅವಳ ಜಾಗವನ್ನು ಅವಳಿಗೆಂದು ಕಾಯ್ದಿಟ್ಟೆ. ಅವಳು ವಾಪಸು ಬಂದ ದಿನ ಹುಡುಗರು ಕರಿಹಲಗೆಯ ಮೇಲೆ ಹೂವಿನ ಚಿತ್ರ ಬರೆದು ಸ್ವಾಗತಿಸಿದರು. ಸೀಮೆಸುಣ್ಣ ನನ್ನ ಡಬ್ಬಿಯದು.

ಆಗ ನನಗೆ ಹೊಳೆಯಿತು: ಜೂನಿನಲ್ಲಿ ನನಗೆ ಹೆರಿಗೆ. ಶಾಲೆ ತೆರೆಯುವುದೂ ಜೂನಿನಲ್ಲೇ. ಅರ್ಜಿ ಹಿಡಿದು ಹೊಸದಾಗಿ ಸೇರಬೇಕಾದ ದಿನ ನಾನು ಬಾಣಂತಿ ಕೋಣೆಯಲ್ಲಿರುತ್ತೇನೆ. ನನ್ನ ಜಾಗ ಯಾರು ಕಾಯುತ್ತಾರೆ?

ಕರೆಸ್ಪಾಂಡೆಂಟರ ಕೋಣೆಗೆ ಹೋಗಿ ಕೇಳಿಯೇಬಿಟ್ಟೆ. ಅವರು ಪ್ರೀತಿಯಿಂದಲೇ ಕೂರಿಸಿ ತಮಿಳಿನಲ್ಲಿ ಹೇಳಿದರು: “ಏಪ್ರಿಲ್‌ನಲ್ಲಿ ಎಲ್ಲರೂ ಕೆಲಸ ಬಿಟ್ಟುಬಿಡ್ತಾರಲ್ಲಮ್ಮಾ. ಜೂನಿನಲ್ಲಿ ಯಾರು ಬರ್ತಾರೋ ಅವರನ್ನ ತಗೋತೀವಿ. ನಮ್ಮ ಸಂಬಂಧದ ಹುಡುಗಿಯೊಬ್ಬಳು ಲೆಕ್ಕದಲ್ಲಿ ಬಿ.ಎಡ್. ಮುಗಿಸಿದ್ದಾಳೆ. ನೀವು ನೆಮ್ಮದಿಯಾಗಿ ಮಗು ನೋಡ್ಕೊಳ್ಳಿ.”

ನೆಮ್ಮದಿ! ಹತ್ತನೆಯ ತರಗತಿಯ ಲೆಕ್ಕ ನನ್ನದು. ಆ ಶಾಲೆಯಲ್ಲಿ ನನ್ನದು ಅಂತ ಹೇಳಿಕೊಳ್ಳಲು ಇದ್ದದ್ದೇ ಅದೊಂದು. ಗಂಡನ ಬೀಗದ ಅಂಗಡಿಯನ್ನು ನಂಬಿ ಮಗುವನ್ನು ಬೆಳೆಸುವ ಹಾಗೂ ಇರಲಿಲ್ಲ.

ಏಳನೆಯ ತಿಂಗಳಿಗೆ ಬಳೆ ತೊಡಿಸುವ ಶಾಸ್ತ್ರ. ಹತ್ತಿರದವರೆಲ್ಲ ಬಂದು ಬಸುರಿಯ ಕೈತುಂಬ ಗಾಜಿನ ಬಳೆ ಏರಿಸಿ, ಕೆನ್ನೆಗೆ ಗಂಧ ಹಚ್ಚಿ, ಐದು ಬಗೆ ಚಿತ್ರಾನ್ನ ಬಡಿಸುತ್ತಾರೆ. ಹೆಣ್ಣಿನ ಬಾಳಿನಲ್ಲಿ ಎಲ್ಲರೂ ಅವಳೊಬ್ಬಳನ್ನೇ ನೋಡುವ ದಿನ ಅದು. ಅನ್ನಕ್ಕ ತನ್ನ ಕ್ಯಾಮೆರಾದಲ್ಲಿ ನನ್ನನ್ನು ನಾಲ್ಕೂ ಕಡೆಯಿಂದ ಹಿಡಿದಳು. ನಾನೂ ಗಂಧ ಒರೆಸಿಕೊಳ್ಳದೆ ಕತ್ತು ನೆಟ್ಟಗೆ ಮಾಡಿಕೊಂಡು ಕೂತಿದ್ದೆ. ಆಗ ಅವ್ವ ಮಿಕ್ಕ ಬಳೆಗಳನ್ನು ತೆಗೆದುಕೊಂಡು, “ಇವ್ಳೂ ಸತ್ ಬದುಕ್ದವ್ಳು, ಇವ್ಳ್ ಕೈಗೂ ಹಾಕ್ಬೇಕು,” ಎಂದು ಅವಳನ್ನು ಎಳೆದು ಕೂರಿಸಿದಳು. ಅಷ್ಟು ದಪ್ಪ ಮಣಿಕಟ್ಟಿಗೆ ಬಳೆ ಏರಿಸಲು ಮೂರು ಹೆಂಗಸರು, ಎಣ್ಣೆ, ನಗು, ಗದ್ದಲ. ನನ್ನ ಚಿತ್ರಾನ್ನ ಆರಿಹೋಯಿತು.

ರೋಲಿನಲ್ಲಿ ಕೊನೆಯ ಫೋಟೊ ಒಂದು ಉಳಿದಿತ್ತು. ಅವಳು ಕ್ಯಾಮೆರಾವನ್ನು ನನ್ನ ಕೈಗೇ ಕೊಟ್ಟು, ಅವ್ವನ ಪಕ್ಕ ಹೋಗಿ ನಿಂತಳು. “ಈಸ್ವರಿ, ನೀ ತೆಗಿ.” ತನ್ನ ಬಳೆಶಾಸ್ತ್ರದಲ್ಲಿ ತಾನೇ ಎದ್ದು ನಿಂತು ಬೇರೆಯವರ ಫೋಟೊ ತೆಗೆದ ಬಸುರಿ ಕಂಬಂ ಕಣಿವೆಯಲ್ಲಿ ನಾನೊಬ್ಬಳೇ ಇರಬೇಕು.

ಅದಾದ ಮೇಲೆ ಒಂದು ಸಂಜೆ ಅವ್ವ ಕೇಳಿದಳು: “ಜೂನ್ ಬಂದ್ರೆ ನಿನ್ ವೇಲೆ ಏನಾಯ್ತದೆ?” ವೇಲೆ ಎಂದರೆ ಕೆಲಸ. ಅವಳಿಗೆ ಯಾರು ಹೇಳಿದರೋ. ನಾನು ರೇಗಿದೆ. ಓದು ಬರಹ ತಿಳಿಯದ ನಿನಗೆ ಶಾಲೆಯ ವಿಷಯ ಯಾಕೆ, ಹೋಗಿ ನಿನ್ನ ಹಾಲೆಂಡಿನ ಮಗಳಿಗೆ ಮಜ್ಜಿಗೆ ಕೊಡು ಅಂದೆ. ಅವ್ವ ಎದ್ದು ಹೋದಳು. ಮರುದಿನ ಶಾಲೆಯಿಂದ ಬಂದಾಗ ಚಪ್ಪರದ ಕೆಳಗೆ ಅವಳೂ ಅನ್ನಕ್ಕನೂ ಎದುರುಬದುರು ಕೂತು ಗೊಂಚಲುಗಳಿಂದ ಕೊಳೆತ ಕಾಯಿ ಆಯುತ್ತ ಗುಸುಗುಸು ಮಾತಾಡುತ್ತಿದ್ದರು. ನನ್ನನ್ನು ಕಂಡ ಕೂಡಲೇ ಸುಮ್ಮನಾದರು. ತಾಯಿ ಮಗಳ ನಡುವೆ ಮೂರನೆಯವಳು ಬಂದಂತೆ ನಾನು ಅಲ್ಲಿ ನಿಂತಿದ್ದೆ. ಮೈ ಉರಿದುಹೋಯಿತು.

ಏಪ್ರಿಲ್ ಔತಣ ಬಂತು. ಶಾಲೆಯ ವರಾಂಡದಲ್ಲಿ ಎಲೆ ಹಾಸಿತ್ತು. ಟೀಚರುಗಳು ತೊಡೆಯ ಮೇಲೆ ಪುಸ್ತಕವಿಟ್ಟು ಅದರ ಮೇಲೆ ಹಾಳೆಯಿಟ್ಟು ಏಪ್ರಿಲ್ ಕಾಗದ ಬರೆಯುತ್ತಿದ್ದರು. ಅನ್ನಕ್ಕನಿಗೆ ಯಾರೂ ಹಾಳೆ ಕೊಟ್ಟಿರಲಿಲ್ಲ. ರೇಷ್ಮೆ ಸೀರೆ ಉಟ್ಟು, ಅವ್ವ ಹಾಕಿದ ಬಳೆ ತೊಟ್ಟು, ಕಂಬಕ್ಕೆ ಒರಗಿ ನಿಂತಿದ್ದಳು. ನಾನು ನನ್ನ ಕಾಗದ ಬರೆದು ಮುಗಿಸಿ, ಗುಮಾಸ್ತರ ಮೇಜಿನಿಂದ ಇನ್ನೊಂದು ಹಾಳೆ ಎಳೆದುಕೊಂಡು ಅವಳ ಹತ್ತಿರ ಹೋದೆ.

“ಇದು ನಮ್ಮ ಪದ್ಧತಿ. ಊಟಕ್ಕೆ ಮುಂಚೆ ಟೀಚರುಗಳೆಲ್ಲ ಬರೀಬೇಕು. ನೀನು ನಮ್ಮವಳಲ್ಲವಾ?”

ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. “ನಾನೂವಾ?” ಎಂದಳು.

“ಬರಿ.”

ನನ್ನದೇ ಪೆನ್ನು ತೆಗೆದುಕೊಂಡು, ನನ್ನ ಕಾಗದದಲ್ಲಿದ್ದ ಸಾಲನ್ನು ನೋಡಿಕೊಂಡು, ದುಂಡಗೆ ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದಳು. ನಾನೇ ಅದನ್ನು ಗುಮಾಸ್ತರ ಕಟ್ಟಿನ ನಡುವೆ ತೂರಿಸಿದೆ. ನನಗೇನು ಬೇಕಿತ್ತು? ಅವಳಿಗೆ ಕೇಡಾಗಲಿ ಎಂದಲ್ಲ. ಒಂದೇ ಒಂದು ಬೇಸಿಗೆ ಅವಳೂ ನಮ್ಮ ಹಾಗೆ ಯಾರ ಲೆಕ್ಕಕ್ಕೂ ಸೇರದವಳಾಗಿ ಇರಲಿ, ಜೂನಿನಲ್ಲಿ ಅವಳೂ ಅರ್ಜಿ ಹಿಡಿದು ಸಾಲಿನಲ್ಲಿ ನಿಲ್ಲಲಿ, ಅಷ್ಟೆ. ಆವತ್ತು ಪಾಯಸ ಎರಡು ಸಲ ಹಾಕಿಸಿಕೊಂಡೆ. ಅಷ್ಟು ರುಚಿಯಾದ ಪಾಯಸ ಆಮೇಲೆ ಎಲ್ಲೂ ಉಂಡಿಲ್ಲ.

ಗುಮಾಸ್ತರು ಪ್ರತಿ ವರ್ಷದಂತೆ ಕಾಗದಗಳನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿದರು. ಮೇಲೆ ಒಂದೇ ಒಂದು ಆದೇಶ: ‘ಇದರೊಂದಿಗಿರುವ ಎಲ್ಲ ರಾಜೀನಾಮೆಗಳನ್ನೂ ಅಂಗೀಕರಿಸಲಾಗಿದೆ.’ ಕರೆಸ್ಪಾಂಡೆಂಟ್ ಕಟ್ಟು ಬಿಚ್ಚುವವರಲ್ಲ. ಎಲೆ ಅಡಿಕೆ ಜಗಿಯುತ್ತ ಸಹಿ ಹಾಕಿದರು. ಅದರ ನಕಲು ತೇನಿಯ ಶಿಕ್ಷಣ ಕಚೇರಿಗೆ ಹೋಗಿ ಅಲ್ಲಿ ಮುದ್ರೆಯೂ ಬಿತ್ತು.

ಮೇ ತಿಂಗಳ ಬಿಸಿಲಿನಲ್ಲಿ ಅನ್ನಕ್ಕ ಬೂತಿಗೆ ಹೋಗಿ ತನ್ನ ಶಾಲೆಗೆ ಫೋನು ಮಾಡಿದಳು. ರಜೆಯ ವಿಷಯ ಮಾತಾಡುತ್ತ, ಇಲ್ಲಿಯ ಪದ್ಧತಿಯಂತೆ ತಾನು ರಾಜೀನಾಮೆ ಕೊಟ್ಟಿರುವುದನ್ನೂ ಹೇಳಿದಳಂತೆ. ವಾರ ಕಳೆಯುವುದರೊಳಗೆ ಅವರ ಪರವಾಗಿ ದಿಂಡಿಗಲ್ಲಿನಿಂದ ಒಬ್ಬ ಆಡಿಟರ್ ಬಂದರು. ಬಡಕಲು ಮನುಷ್ಯ, ನೀರು ಕೊಟ್ಟರೂ ಕುಡಿಯಲಿಲ್ಲ. ನಾನು ಪರೀಕ್ಷೆಯ ಅಂಕಪಟ್ಟಿ ಒಪ್ಪಿಸಲು ಹೋಗಿ, ಹೊಟ್ಟೆ ಭಾರಕ್ಕೆ ಏಳಲಾಗದೆ ಆಫೀಸಿನ ಬೆಂಚಿನ ಮೇಲೆ ಕೂತಿದ್ದೆ. ತೆರೆದ ಬಾಗಿಲಿನಿಂದ ಎಲ್ಲವೂ ಕಾಣಿಸುತ್ತಿತ್ತು, ಕೇಳಿಸುತ್ತಿತ್ತು.

“ಈ ಟೀಚರ್ ಕೆಲಸ ಬಿಟ್ಟಿದ್ದಾರಾ ಇಲ್ಲವಾ?” ಎಂದರು ಆಡಿಟರ್. “ಬಿಟ್ಟಿದ್ದರೆ ಅಲ್ಲಿಯ ವಿಮೆ, ಪಿಂಚಣಿ ಎರಡೂ ನಿಲ್ಲುತ್ತವೆ. ವಿಮೆಯಿಲ್ಲದ ಟೀಚರನ್ನು ಅವರು ಪರದೇಶದಲ್ಲಿ ಒಂದು ದಿನವೂ ಇಡುವುದಿಲ್ಲ. ವಾಪಸು ಕರೆಸಿಕೊಳ್ಳುತ್ತಾರೆ.”

ಕರೆಸ್ಪಾಂಡೆಂಟ್ ಹೌಹಾರಿದರು. ಬಸ್ಸಿನ ಬೆನ್ನ ಮೇಲೆ ಫೋಟೊ ಇದೆ, ಹೊಸ ಮಕ್ಕಳ ಸಾಲು ಗೇಟಿನ ತನಕ ಇದೆ. “ಅಯ್ಯೋ, ಅದು ಸುಮ್ಮನೆ ಒಂದು ಶಾಸ್ತ್ರ ಸಾರ್. ಎಲ್ಲರೂ ಬರೀತಾರೆ. ಯಾರೂ ನಿಜವಾಗಿ ಬಿಡೋದಿಲ್ಲ.”

“ಯಾರೂ ಬಿಡೋದಿಲ್ಲ?”

“ಯಾರೂ ಇಲ್ಲ ಸಾರ್.”

“ಹಾಗಂತ ಬರೆದು ಕೊಡಿ,” ಎಂದರು ಆಡಿಟರ್.

ಅವಳ ಕಾಗದವೊಂದನ್ನೇ ಕಿತ್ತು ಬಿಸಾಡಿಬಿಡೋಣ ಎಂದು ಗುಮಾಸ್ತರು ಕತ್ತರಿ ತಂದರು. ಆಡಿಟರ್ ತೇನಿಯ ಮುದ್ರೆಯ ಮೇಲೆ ಬೆರಳಿಟ್ಟರು. ಆದೇಶ ಒಂದೇ. ಇಟ್ಟರೆ ಎಲ್ಲರೂ ಹೋದಂತೆ, ರದ್ದು ಮಾಡಿದರೆ ಎಲ್ಲರೂ ಉಳಿದಂತೆ. ಕರೆಸ್ಪಾಂಡೆಂಟ್ ಬಹಳ ಹೊತ್ತು ಕನ್ನಡಕ ಒರೆಸಿದರು. ಆಮೇಲೆ, ನಮ್ಮ ಶಾಲೆಯ ಅಧ್ಯಾಪಕ ಅಧ್ಯಾಪಕಿಯರು ಯಾರೂ ಕೆಲಸ ಬಿಟ್ಟಿಲ್ಲ, ಎಲ್ಲರ ಸೇವೆಯೂ ನಡೆದುಕೊಂಡು ಬಂದಿದೆ ಎಂದು ಬರೆದು ಸಹಿ ಹಾಕಿ ಮುದ್ರೆ ಒತ್ತಿದರು. ಹೊರಗೆ ಬಂದ ಆಡಿಟರ್ ನನ್ನ ಹೊಟ್ಟೆ ನೋಡಿ, “ನೀವೂ ಟೀಚರಾಮ್ಮಾ?” ಎಂದರು. ಹೌದೆಂದೆ. “ಹಾಗಾದರೆ ರಜೆ ಅರ್ಜಿ ಕೊಟ್ಟುಬಿಡಿ, ರಾಜೀನಾಮೆ ಅಲ್ಲ,” ಎಂದು ಹೇಳಿ ಬಸ್ಸಿಗೆ ಹೊರಟರು.

ಜೂನಿನಲ್ಲಿ ಮಗಳು ಹುಟ್ಟಿದಳು. ಸೆಪ್ಟೆಂಬರಿನಲ್ಲಿ ನಾನು ಹೋದಾಗ ಹತ್ತನೆಯ ತರಗತಿಯ ಲೆಕ್ಕ ನನಗೆಂದೇ ಕಾದಿತ್ತು. ಕರೆಸ್ಪಾಂಡೆಂಟರ ಸಂಬಂಧದ ಆ ಹುಡುಗಿಗೆ ಆರನೆಯ ತರಗತಿ ಕೊಟ್ಟಿದ್ದರು. ಮುಂದಿನ ಏಪ್ರಿಲ್‌ನಲ್ಲಿ ಔತಣ ಇತ್ತು, ಕಾಗದ ಇರಲಿಲ್ಲ. ಬರೆದುಕೊಟ್ಟ ಮಾತಿಗೆ ಸಿಕ್ಕಿಬಿದ್ದ ಕರೆಸ್ಪಾಂಡೆಂಟ್ ನಮಗೆಲ್ಲ ಪಿ.ಎಫ್. ಮಾಡಿಸಬೇಕಾಯಿತು. ಈಗ ನನಗೆ ಬರುವ ಸಣ್ಣ ಪಿಂಚಣಿ ಶುರುವಾದದ್ದು ಅಲ್ಲಿಂದಲೇ.

ಊರೆಲ್ಲ ಏನೆಂದಿತು? ಅನ್ನಕ್ಕನ ಪುಣ್ಯ ಎಂದಿತು. ಟೀಚರುಗಳು ಅವಳಿಗೆ ಸೀರೆ ಉಡುಗೊರೆ ಕೊಟ್ಟರು, ಚಂದಾ ನಾನೂ ಕೊಟ್ಟೆ. ಹಾಳೆ ಕೊಟ್ಟವಳು ನಾನು, ಪೆನ್ನು ನನ್ನದು, ಕಟ್ಟಿನೊಳಗೆ ತೂರಿಸಿದ ಕೈ ನನ್ನದು. ಬಾಯಿ ಬಿಟ್ಟು ಹೇಳುವ ಹಾಗಿಲ್ಲ! ಆದರೂ ಒಳಗೊಳಗೇ ಒಂದು ಸಮಾಧಾನವಿತ್ತು. ಲೋಕ ಏನಾದರೂ ಅನ್ನಲಿ, ಇದನ್ನು ಮಾಡಿದವಳು ನಾನು. ಅನ್ನಕ್ಕ ಪದ್ಧತಿಯೆಂದು ನಂಬಿ ಬರೆದವಳು ಅಷ್ಟೆ. ಆ ವರ್ಷದಲ್ಲಿ ಅವಳದಲ್ಲದೆ ನನ್ನದೇ ಆಗಿದ್ದದ್ದು ಅದೊಂದೇ ಎಂದುಕೊಂಡು ಅದನ್ನು ಒಂದು ವರ್ಷ ಬಚ್ಚಿಟ್ಟುಕೊಂಡು ಸುಖಪಟ್ಟೆ.

ಎರಡು ವರ್ಷ ಮುಗಿದು ಅವಳು ಊರಿಗೆ ಹೊರಟ ದಿನ ತೇನಿ ಬಸ್‌ಸ್ಟ್ಯಾಂಡಿಗೆ ನಾವು ಮೂವರೂ ಹೋದೆವು, ನನ್ನ ಸೊಂಟದ ಮೇಲೆ ಮಗು. ಅವಳು ಬಗ್ಗಿ ಅವ್ವನ ಕಾಲು ಮುಟ್ಟಿದಳು. ಅವ್ವ ಅವಳನ್ನು ಎತ್ತಿ, ಕಣ್ಣೀರು ಸುರಿಸುತ್ತ, “ನನ್ ಮಗಳ್ ವೇಲೆ ಉಳಿಸ್ ಕೊಟ್ಟೆ ತಾಯಿ, ನಿನ್ ಹೊಟ್ಟೆ ತಂಪಾಗಿರ್ಲಿ,” ಎಂದಳು. ನನಗೆ ತಡೆಯಲಾಗಲಿಲ್ಲ. ಅಷ್ಟು ಜನರ ನಡುವೆ, “ಅವಳೇನು ಮಾಡಿದ್ಲವ್ವಾ? ಅವಳ ಕೈಲಿ ಬರೆಸಿದ್ದು ನಾನು!” ಎಂದು ಕೂಗಿಬಿಟ್ಟೆ.

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. “ನೀ ಹೇಳೂಕ್ ಮುಂಚೇನೇ ನಾ ಹೇಳಿದ್ದೆ,” ಎಂದಳು. “ಕಾಯಿ ಆಯ್ತಿದ್ದಾಗ ಎಲ್ಲಾ ಹೇಳ್ದೆ. ನಿನ್ ಕೇಳಿದ್ರೆ ನೀ ಜಗ್ಳಕ್ ಬರ್ತಿದ್ದೆ. ಇವ್ಳ್ ಕೇಳ್ದೆ. ನಾನೂ ಆ ಕಾಗ್ದ ಬರೀತೀನಿ, ಆಮ್ಯಾಕ್ ನೋಡು ಅವ್ವ, ಅಂದ್ಳು.”

ನಾನು ಅನ್ನಕ್ಕನ ಕಡೆ ತಿರುಗಿದೆ. ಅವಳ ಬಿಳಿ ಮುಖ ಕೆಂಪಾಗಿತ್ತು. “ಹಾಳೆ ಯಾರೂ ಕೊಡ್ಲಿಲ್ಲ,” ಎಂದಳು. “ಹೆಂಗ್ ಕೇಳೂದು ಅಂತ ನಿಂತಿದ್ದೆ. ನೀನೇ ತಂದೆ.”

ಬಸ್ಸು ಹೊರಟಿತು. ಅವ್ವ ಅದು ಮರೆಯಾಗುವ ತನಕ ಕೈ ಬೀಸಿದಳು. ನಾನು ಮಗುವಿನ ಟೋಪಿ ಸರಿ ಮಾಡುತ್ತ ನಿಂತೆ. ನನ್ನ ಕೆಲಸ ಉಳಿಯಿತು ಎಂಬ ಸಂತೋಷಕ್ಕಿಂತ ನನ್ನ ಕುತಂತ್ರವೂ ನನ್ನದಾಗಿ ಉಳಿಯಲಿಲ್ಲವಲ್ಲ ಎಂಬ ಉರಿಯೇ ಹೆಚ್ಚಾಗಿತ್ತು. ಅದಕ್ಕಿಂತ ದೊಡ್ಡ ಉರಿ ಇನ್ನೊಂದು: ನನ್ನ ಕಷ್ಟವನ್ನು ಅವ್ವ ಹೇಳಿಕೊಂಡದ್ದು ಅವಳ ಹತ್ತಿರ.

ಈಗ ಅವ್ವ ಇಲ್ಲ. ಮದುವೆ ಮನೆಯ ಗದ್ದಲದಲ್ಲಿ ಹಳೆಯ ಪಡಸಾಲೆಗೆ ಹೋಗಿ ಕೂತೆ. ಗೋಡೆಯ ಮೇಲೆ ಬಳೆಶಾಸ್ತ್ರದ ದಿನ ನಾನು ತೆಗೆದ ಅದೇ ಫೋಟೊ, ಹಾಲೆಂಡಿನಿಂದ ಅಂಚೆಯಲ್ಲಿ ಬಂದದ್ದು. ಗಂಧ ಹಚ್ಚಿಕೊಂಡು ನಾನು ಕೂತಿದ್ದ ಫೋಟೊಗಳು ಏನಾದವೋ, ಅವಳ ಪೆಟ್ಟಿಗೆಯಲ್ಲೇ ಇರಬೇಕು. ಅವ್ವನ ಚೆಂದದ ಚಿತ್ರ ಇನ್ನೊಂದಿಲ್ಲವೆಂದು ತಮ್ಮ ಇದಕ್ಕೇ ಹಾರ ಹಾಕಿದ್ದಾನೆ. ಬದುಕಿರುವ ಅನ್ನಕ್ಕನ ಕೊರಳಿಗೂ ಅದರಲ್ಲಿ ಅರ್ಧ ಸೇರಿದೆ. ಇಬ್ಬರೂ ಬಾಯಿ ತುಂಬ ನಗುತ್ತಿದ್ದಾರೆ. ಬಹಳ ಹೊತ್ತು ನೋಡಿದ ಮೇಲೆ ಗೊತ್ತಾಯಿತು, ಇಬ್ಬರೂ ನೋಡುತ್ತಿರುವುದು ಕ್ಯಾಮೆರಾ ಹಿಡಿದಿದ್ದ ನನ್ನನ್ನೇ. ಮತ್ತೆ ಸಿಟ್ಟಾಗಿ ನಿಂತಿರುವ ಹುಡುಗಿಯನ್ನು ನೋಡಿ ಮನೆಯ ಹಿರಿಯರು ನಗುವಂತೆ ನಗುತ್ತಿದ್ದಾರೆ.

ಅದು ಸರಿ. ಆದರೆ ಅವ್ವನ ಆ ನೀಲಿ ಉಗುರಿನ ಕೈ ಅವಳ ಹೆಗಲ ಮೇಲೆ ಇರಬೇಕಾಗಿರಲಿಲ್ಲ.